ಬಸ್ಸಿನ ಪಕ್ಕೆಗೊತ್ತಿದ ಅಂಗೈ

ನಗರ ಸಾರಿಗೆಯ ಲೋಕದಲ್ಲಿ ಚಾಲಕರ ಮುಖ ಎಲ್ಲರಿಗೂ ಪರಿಚಿತ. ಮೆಕ್ಯಾನಿಕ್ ನೆನಪಾಗುವುದು ಬಸ್ಸು ನಡುದಾರಿಯಲ್ಲಿ ಕೈಕೊಟ್ಟಾಗ ಮಾತ್ರ. ನ್ಯೂಜಿಲೆಂಡಿನ ಈ ಅಪ್ಪರ್ ಹಟ್ ಊರಿನ ಡಿಪೋದಲ್ಲಿ ಮುಖ್ಯ ಮೆಕ್ಯಾನಿಕ್ ಆಗಿದ್ದು, ಈ ವರ್ಷ, ಅಂದರೆ 2018ರಲ್ಲಿ, ನಿವೃತ್ತರಾದ ಶ್ರೀ ಚಂದ್ರಹಾಸ ಅವರನ್ನು ಊರಿನ ಹೆಚ್ಚು ಮಂದಿ ಅರಿಯರು ಎಂದರೆ, ಅದು ಅವರ ಕೆಲಸಕ್ಕೆ ಸಂದ ಮರ್ಯಾದೆಯೆಂದೇ ತಿಳಿಯಬೇಕು. ಆದರೂ ಈ ಅಭಿನಂದನ ಗ್ರಂಥವನ್ನು ಅವರ ಕೈಗಿಡುವಾಗ ಸಂತೋಷಕ್ಕಿಂತ ಸಂಕಟವೇ ಮುಂದಾಗುತ್ತದೆ. ಅವರು ಹೋಗಬೇಕಾದ ಹೊತ್ತು ಇದಾಗಿರಲಿಲ್ಲ.

ಮೈಸೂರಿನ ಡಿಪೋದಲ್ಲಿ ಕೆಲಸ ಕಲಿತ ಅವರು, ಪತ್ನಿ ಜಯಮ್ಮನವರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಯಲ್ಲಿ ಬಂದವರು. ಆಗ ಇಲ್ಲಿದ್ದವು ಜಪಾನಿನಲ್ಲಿ ಓಡಿ ದಣಿದು ಬಂದ ಹಿನೊ ಬ್ಲೂ ರಿಬ್ಬನ್ ಡೀಸೆಲ್ ಬಸ್ಸುಗಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಬಾಗಿಲು ಮುಚ್ಚುವಾಗ ಜಪಾನಿ ಭಾಷೆಯಲ್ಲಿ ಎಚ್ಚರಿಕೆ ಹೇಳುವ ಹೆಣ್ಣುದನಿಯನ್ನು ತೆಗೆದುಹಾಕಿ ಎಂದು ಮೇಲಿನವರು ಹೇಳಿದರೆ, ಇವರು, ತವರು ಬಿಟ್ಟು ಬಂದವಳು, ಮಾತಾಡಿಕೊಳ್ಳಲಿ ಬಿಡಿ ಎಂದುಬಿಟ್ಟರಂತೆ.

ಆ ಗಂಟಲುಗಳ ಮಗ್ಗುಲಲ್ಲಿ ಕಳೆದ ವರ್ಷಗಳು ಅವರ ಕಿವಿಯನ್ನು ತಿಂದುಹಾಕಿದವು. ಎದುರಿಗೆ ನಿಂತವರ ತುಟಿ ನೋಡಿ ಉತ್ತರಿಸುತ್ತಿದ್ದರು. ಕಿವಿಯ ಉಳಿದ ಕೆಲಸವನ್ನು ಅಂಗೈಗೆ ವಹಿಸಿದ್ದರು. ಅವರು ಬಸ್ಸಿನ ಪಕ್ಕೆಗೆ ಅಂಗೈ ಒತ್ತಿ, ನಡುಕವಿಲ್ಲ, ಎಂಜಿನ್ ನಿಂತಿದೆ ಎಂದು ಕಂಡುಕೊಂಡು ತಲೆಯಾಡಿಸುವವರೆಗೆ ಯಾರೂ ಚಕ್ರದ ಬಳಿ ಬಗ್ಗುವಂತಿರಲಿಲ್ಲ. ಅದು ಡಿಪೋದ ಕಟ್ಟಳೆ.

ದಾವಣಗೆರೆಯಿಂದ ಓದಲು ಬಂದ ಹರ್ಷಿತಾಳನ್ನು, ಹುಡುಗಿ ಸ್ಪ್ಯಾನರ್ ಹಿಡಿದಾಳೇ ಎಂದು ನಕ್ಕವರ ಎದುರಿಗೇ ತಮ್ಮ ಕೈಕೆಳಗೆ ತೆಗೆದುಕೊಂಡವರು ಇವರು. ಫ್ಲ್ಯಾಟ್‌ಮೇಟ್‌ಗಳೊಡನೆ ಜಗಳವಾಗಿ ಅವಳು ಪೆಟ್ಟಿಗೆ ಹಿಡಿದು ಬಂದಾಗ ಒಂದು ಮಾತೂ ಕೇಳದೆ ಮನೆಯ ಕೋಣೆ ಬಿಟ್ಟುಕೊಟ್ಟವರು. ಅವಳ ಕಿವಿಯೂ ತಮ್ಮದರಂತಾಗಬಾರದೆಂಬ ಒಂದೇ ಹಟದಿಂದ, ಅದೇ ಬಸ್ಸಿನ ಹೈಬ್ರಿಡ್ ಮಾದರಿಯನ್ನು ತರಿಸಿ ಎಂದು ವರ್ಷಗಟ್ಟಲೆ ಮೇಲಿನವರ ಬೆನ್ನುಬಿದ್ದರು.

ಕೊನೆಗೂ ಹೈಬ್ರಿಡ್ ಬಂತು. ವಿದ್ಯುತ್ ಮೋಟಾರಿನ ಬಲದಲ್ಲೇ ಹೊರಡುವ, ಹೊರಡುವಾಗ ಡೀಸೆಲ್ ಎಂಜಿನ್ನಿಗೆ ಎಚ್ಚರವೇ ಆಗದ ಬಸ್ಸು. ಚಂದ್ರಹಾಸರು ಬಾಣಂತಿಮನೆಗೆ ಬಂದವರ ಹಾಗೆ ಮತ್ತೆ ಮತ್ತೆ ಹೋಗಿ ನೋಡಿ ಬಂದರು. ಮರುವಾರ ಹಿಂಚಕ್ರದ ಬ್ರೇಕ್ ನೋಡಬೇಕಾದಾಗ, ರೂಢಿಯಂತೆ ಪಕ್ಕೆಗೆ ಅಂಗೈ ಒತ್ತಿದರು. ನಡುಕವಿರಲಿಲ್ಲ. ತಲೆಯಾಡಿಸಿದರು, ಹರ್ಷಿತಾ ಬಗ್ಗಿದಳು. ಆದರೆ ಬಸ್ಸು ಚಾಲೂ ಇತ್ತು. ಹೊಸದಾಗಿ ಸೇರಿದ್ದ ಚಾಲಕ ಪ್ರಮೋದ್, ಕನ್ನಡಿಯಲ್ಲಿ ಕಂಡ ಆ ತಲೆಯಾಟ ತನಗೇ ಎಂದುಕೊಂಡು ಪೆಡಲ್ ಒತ್ತಿದ. ಬಸ್ಸು ಸದ್ದಿಲ್ಲದೆ ಸರಿಯಿತು. ಹರ್ಷಿತಾ ಕಾಲೆಳೆದುಕೊಳ್ಳುವಷ್ಟರಲ್ಲಿ ಎರಡು ಕಾಲ್ಬೆರಳು ಮುರಿದಿದ್ದವು.

ಯಾರೂ ಅವರನ್ನು ದೂರಲಿಲ್ಲ; ಕೆಲಸ ಬಿಡುತ್ತೇನೆಂದು ಹೊರಟವರು ಅವರೇ. ಹರ್ಷಿತಾಳಂತೂ ಕಾಲಿಗೆ ಕಟ್ಟು ಹಾಕಿಸಿಕೊಂಡು ಬಂದು, "ಮೂಳೆ ಕೂಡ್ಕೊಳ್ಳುತ್ತೆ ಅಂಕಲ್, ನೀವು ಮಾತ್ರ ಹೋಗ್ಬೇಡಿ" ಎಂದಳು.

"ನನ್ನ ಕೈ ನಂಬಿ ನೀನು ಬಗ್ಗಿದೆ ಕಣಮ್ಮ. ಇನ್ನು ಈ ಕೈನ ನಾನೇ ನಂಬಲ್ಲ."

ಕಾಡಿ ಬೇಡಿ ತರಿಸಿದ ಬಸ್ಸು ಬೇಡಿದವರನ್ನೇ ಮನೆಗೆ ಕಳಿಸಿತು. ಹಣೆಬರಹ ಎಂದು ಸುಮ್ಮನಾಗೋಣವೆಂದರೆ ಮನಸ್ಸೊಪ್ಪದು. ಹೊಸ ಬಸ್ಸಿಗೆ ಹೊಸ ಕಟ್ಟಳೆ ಬೇಕೆಂದು ಇಡೀ ಡಿಪೋದಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ! ಈಗ ಬಗ್ಗುವವರು ಕೀಲಿ ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ಅವರ ಕೊನೆಯ ದಿನ, ಗುಜರಿಗೆ ಹೊರಟಿದ್ದ ಕಡೆಯ ಡೀಸೆಲ್ ಬಸ್ಸನ್ನು ಹರ್ಷಿತಾ ಚಾಲೂ ಮಾಡಿಟ್ಟಳು. ಚಂದ್ರಹಾಸರು ಬಂದು ಅದರ ಪಕ್ಕೆಗೆ ಅಂಗೈ ಒತ್ತಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅವಳು ಎಂಜಿನ್ ನಿಲ್ಲಿಸಿ, ಕುಂಟುತ್ತ ಇಳಿದು, ತುಟಿ ಕಾಣುವಂತೆ ಎದುರಿಗೆ ನಿಂತು, "ಆಫ್ ಮಾಡ್ದೆ ಅಂಕಲ್" ಎಂದಳು. "ಗೊತ್ತಾಯ್ತಮ್ಮ" ಎಂದರು. ಕೈ ಮಾತ್ರ ತೆಗೆಯಲಿಲ್ಲ.

ಜಯಮ್ಮನವರೊಡನೆ ಅವರು ನೂರುಕಾಲ ಬಾಳಲಿ. ಅವರೇ ನಂಬದ ಆ ಅಂಗೈಯನ್ನು ನಂಬುವವಳೊಬ್ಬಳು ಡಿಪೋದಲ್ಲಿ ಇನ್ನೂ ಇದ್ದಾಳೆ. ಬಸ್ಸಿನ ಪಕ್ಕೆಗೆ ಬೇಡವಾದರೆ ಬೇಡ, ಆಗಾಗ ಬಂದು ಅವಳ ತಲೆಯ ಮೇಲಾದರೂ ಅದನ್ನು ಇಟ್ಟು ಹೋಗಲಿ.