ವರ್ನಾ ಕೂತು ಉಂಡ ಬುಧವಾರ

ಡುಲೂತ್ ಊರಿನ ಒಂದು ಚಿಕಿತ್ಸಾಲಯದಲ್ಲಿ, ಉಣ್ಣಲು ಹೆದರುವವರಿಗೆ ಉಣ್ಣುವುದನ್ನು ಕಲಿಸುತ್ತಾರೆ. ಮನೋವೈದ್ಯರು ನಾಲ್ವರು, ಸಂಶೋಧಕರು ಆರು ಜನ, ಅಡುಗೆಯವಳು ಒಬ್ಬಳೇ, ವರ್ನಾ ಹಕಾಲಾ. ಹತ್ತೊಂಬತ್ತು ವರ್ಷದಿಂದ ಬೇಯಿಸುತ್ತಿದ್ದಾಳೆ.

ಅಲ್ಲಿ ಯಾರ ಮೈ, ಯಾರ ತಟ್ಟೆಯ ಬಗ್ಗೆಯೂ ಮಾತಾಡಕೂಡದು. ತೂಕ ನೋಡುವಾಗ ರೋಗಿಯನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ, ಅಂಕಿ ಕಾಣದ ಹಾಗೆ. ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ನೋಡುತ್ತಾರೆ.

ಒಂದು ಸೋಮವಾರ ವರ್ನಾ ಬಾಯಿ ತಪ್ಪಿ, ಹದಿನೆಂಟರ ಬ್ರಿನ್ ಎಂಬ ಹುಡುಗಿಗೆ, "ಮುಖಕ್ಕೆ ಕಳೆ ಬಂದಿದೆ ಕಣೇ," ಅಂದುಬಿಟ್ಟಳು. ಬೇರೆಲ್ಲಾದರೂ ಅದು ಹೊಗಳಿಕೆ. ಅಲ್ಲಿ, ದಪ್ಪಗಾಗಿದ್ದೀಯ ಎಂದು ಜರೆದದ್ದಕ್ಕೆ ಸಮ. ಬ್ರಿನ್ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಬುಧವಾರ ಮಧ್ಯಾಹ್ನವೂ ಉಣ್ಣದಿದ್ದರೆ ಆಸ್ಪತ್ರೆಗೆ ಒಯ್ದು ಮೂಗಿಗೆ ನಳಿಕೆ ಹಾಕಿಸುವುದೆಂದಾಯಿತು.

ತಜ್ಞರು ಒಂದೂವರೆ ಗಂಟೆ ಸಭೆ ಮಾಡಿದರು. ತರಿಸಿದ್ದ ಡೋನಟ್ಟುಗಳು ಹಾಗೇ ಉಳಿದವು. ಎಲ್ಲರೂ ಪಥ್ಯದಲ್ಲಿದ್ದರು.

"ಮಿಸೆಸ್ ಹಕಾಲಾ, ಇದು ನೀವು ಮಾಡಿದ್ದು," ಅಂದರು ಡಾಕ್ಟರ್ ಲಿಂಡ್‌ಕ್ವಿಸ್ಟ್. "ಮಧ್ಯಾಹ್ನ ನೀವೇ ಅವಳ ಜೊತೆ ಕೂತ್ಕೊಳ್ಳಿ."

"ಕೂತು ಏನ್ ಮಾಡ್ಲಿ ಡಾಕ್ಟ್ರೇ?"

"ಸಹಜವಾಗಿ ಊಟ ಮಾಡಿ. ಸಹಜ ಊಟ ಹೇಗಿರುತ್ತೆ ಅಂತ ಅವಳು ನೋಡ್ಲಿ."

ವರ್ನಾ ಕೂತಳು. ಇಬ್ಬರ ಮುಂದೆಯೂ ಕೋಳಿ ಮತ್ತು ಕಾಡು ಅಕ್ಕಿ ಹಾಕಿ ಬೇಯಿಸಿದ ಹಾಟ್‌ಡಿಶ್, ಬೆಣ್ಣೆ ಸವರಿದ ಬ್ರೆಡ್ಡು.

"ನೀವು ಉಣ್ಣೋದನ್ನ ನಾನು ಒಂದ್ಸಲಾನೂ ನೋಡಿಲ್ಲ," ಅಂದಳು ಬ್ರಿನ್.

"ಅಡುಗೆಮನೇಲೇ ನಿಂತ್ಕೊಂಡು ಮುಗಿಸ್ತೀನಿ."

"ಏನನ್ನ?"

"ಕಾಫಿ."

"ಆಮೇಲೆ?"

"ಇನ್ನೊಂದ್ ಕಾಫಿ."

"ಭಲೇ! ಇದೇ ಮಾತು ನಾನು ಹೇಳಿದ್ರೆ ಇಷ್ಟುದ್ದ ಕಾಯಿಲೆ ಹೆಸರು ಬರೀತಾರೆ. ನಿಮಗೆ ಏಪ್ರನ್ ಕೊಟ್ಟಿದ್ದಾರೆ."

ವರ್ನಾ ಫೋರ್ಕ್ ಎತ್ತಿದಳು. ಗಂಡ ತೀರಿಹೋಗಿ ಏಳು ವರ್ಷ, ಅಂದಿನಿಂದ ಮೇಜಿಗೆ ಕೂತು ಉಂಡವಳಲ್ಲ. ತಾನೇ ಬೇಯಿಸಿದ ತುತ್ತು ಗಂಟಲಲ್ಲಿ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ಬಂತು.

"ನಿಧಾನ. ಉಸಿರು ಬಿಡಿ, ಈಗ ನುಂಗಿ," ಅಂದಳು ಬ್ರಿನ್. "ನಮಗೆ ಹಾಗೇ ಹೇಳ್ಕೊಟ್ಟಿರೋದು."

"ಮತ್ತೆ ನೀನು?"

"ನಿಮ್ದೊಂದು ತುತ್ತು, ನಂದೊಂದು. ಕರವಸ್ತ್ರದಲ್ಲಿ ಬಚ್ಚಿಡೋ ಹಾಗಿಲ್ಲ. ಆ ಕಳ್ಳಾಟ ಎಲ್ಲಾ ನಂಗೊತ್ತು."

ಕಡೆಕಡೆಗೆ ವರ್ನಾ ಹಿಂದುಳಿದಳು. ಬ್ರಿನ್ ಕಾಯಲಿಲ್ಲ, ಬ್ರೆಡ್ಡಿನ ಕೊನೆಯ ಚೂರನ್ನೂ ಬಾಯಿಗೆ ಹಾಕಿಕೊಂಡಳು. ಊಟದ ಕೋಣೆಯ ಗಾಜಿನ ಆಚೆ ಕೂತು ನೋಡುತ್ತಿದ್ದ ಸಂಶೋಧಕ ಆಸ್ಪತ್ರೆಯ ಗಾಡಿ ಬೇಡವೆಂದು ಫೋನು ಮಾಡಿ, ಆಮೇಲೆ ಪುಸ್ತಕದಲ್ಲಿ ಬರೆದ: ರೋಗಿ ಪೂರ್ತಿ ಉಂಡಿದ್ದಾಳೆ, ನಲವತ್ತೊಂದು ನಿಮಿಷ. ಜೊತೆಗೆ ಕೂತ ಸಿಬ್ಬಂದಿ ಅರ್ಧ ಊಟ ಬಿಟ್ಟಿದ್ದಾರೆ.