ಮುಖವಾಡ ಕೊಟ್ಟ ಮೇಲೆ

ಅಜ್ಜಂಪುರದಲ್ಲಿ ಬಸ್ಸು ತಪ್ಪಬಹುದಿತ್ತು, ಕಡೂರಿನ ಥಿಯೇಟರಿನಲ್ಲಿ ಟಿಕೆಟ್ ಮುಗಿದಿರಬಹುದಿತ್ತು, ಸಿನಿಮಾದ ನಡುವೆ ಕರೆಂಟ್ ಹೋಗಬಹುದಿತ್ತು. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಮಗಳು ಚಿಕ್ಕಂದಿನಿಂದ ಕಾಮಿಕ್ಸ್‌ನಲ್ಲಿ ಓದಿ ಮೆಚ್ಚಿದ್ದ ವಯಸ್ಸಾದ ಸೂಪರ್‌ಹೀರೋ, ತೆರೆಯ ಮೇಲೆ ತನ್ನ ಮುಖವಾಡವನ್ನು ಶಿಷ್ಯೆಗೆ ಕೊಟ್ಟ.

"ಅವನ್ನ ಸಾಯಿಸ್ಬಿಡ್ತಾರೇನಪ್ಪಾ?" ಎಂದು ಮಗಳು ನನ್ನ ತೋಳು ಹಿಡಿದಳು.

ನಮ್ಮ ಮಠದಲ್ಲಿ ಮುಂದೆ ಪೀಠಕ್ಕೆ ಬರುವ ಮರಿಸ್ವಾಮಿಯನ್ನು ಆರಿಸಿದ ಮೇಲೆ ಹಿರಿಯ ಸ್ವಾಮಿಗಳು ಪಕ್ಕದಲ್ಲೇ ಕೂತು ವರ್ಷಗಟ್ಟಲೆ ಕಲಿಸುತ್ತಾರೆ. ಆ ಧೈರ್ಯದ ಮೇಲೆ, "ಇಲ್ಲ ಕಣೇ, ಇನ್ಮೇಲೇ ಅವನ್ಗೆ ಕೆಲ್ಸ" ಅಂದೆ.

ಮರುಕ್ಷಣವೇ ಅವನು ಸತ್ತ.

"ಪುಸ್ತಕದಲ್ಲಿ ಬದ್ಕಿದಾನಲ್ಲಪ್ಪಾ! ಆ ಹುಡ್ಗೀಗೆ ಹೇಳ್ಕೊಡೋರು ಯಾರೀಗ?"

ಜನ ಚಪ್ಪಾಳೆ ತಟ್ಟಿದ್ದು ಸತ್ತವನಿಗೋ ಅವನ ಜಾಗಕ್ಕೆ ಬಂದವಳಿಗೋ ತಿಳಿಯಲಿಲ್ಲ. ಆದ ಅನಾಹುತ ಇಷ್ಟೇ: ಚಿಂತೆಯನ್ನೇ ಕಸುಬು ಮಾಡಿಕೊಂಡ ನಾನು ಅಪರೂಪಕ್ಕೊಮ್ಮೆ ಇನ್ನೊಬ್ಬರಿಗೆ ಧೈರ್ಯ ಹೇಳಿದ್ದೆ.