ಉಪದೇಶಿಯ ಅಂಗೈ

ಎಂಬತ್ತರ ದಶಕದಲ್ಲಿ, ಪೀಣ್ಯದ ಫ್ಯಾಕ್ಟರಿಗಳ ನಡುವಿನ ಶೀಟಿನ ಮಾಡಿನ ನಮ್ಮ ಕ್ರೈಸ್ತ ಪ್ರಾರ್ಥನಾಲಯದಲ್ಲಿ ಬೋಧನೆ ಮಾಡಲು ಒಬ್ಬ ಉಪದೇಶಿ ಇದ್ದರು. ಭಾನುವಾರ ಬಾಗಿಲಲ್ಲೇ ನಿಂತು ಹೆಂಗಸರ ಮುಡಿ ನೋಡುತ್ತಿದ್ದರು. ಹೂ ಮುಡಿಯಬಾರದೆಂಬುದು ಸಭೆಯ ನಿಯಮ; ಹೂ ಕಂಡರೆ ಸಾಕು, ಮಾತಿಲ್ಲದೆ ಅಂಗೈ ಚಾಚುತ್ತಿದ್ದರು. ಹೊಸದಾಗಿ ದೀಕ್ಷಾಸ್ನಾನ ಪಡೆದಿದ್ದ ನನ್ನ ಅಮ್ಮ ಅಭ್ಯಾಸಬಲದಿಂದ ಮಲ್ಲಿಗೆ ಮುಡಿದು ಹೋಗಿ, ಅಲ್ಲಿ ಕಿತ್ತು ಕೊಡುತ್ತಿದ್ದಳು. ಅದನ್ನು ಚರಂಡಿಗೆಸೆದು ಅವರು ಒಳಗೆ ಬಂದು, ಕೃಪೆ ನಮ್ಮನ್ನು ಕಟ್ಟಳೆಗಳಿಂದ ಬಿಡಿಸಿದೆ ಎಂದು ಕಣ್ಣೀರಿಡುತ್ತಾ ಬೋಧಿಸುತ್ತಿದ್ದರು.

"ಹಂಗಾದ್ರೆ ಹೂವು ಯಾಕೆ ಬೇಡ ಅಯ್ನೋರೆ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಕೃಪೆ ಇದೆ ಕಣಮ್ಮ. ಆದ್ರೆ ನಿಯಮ ನಿಯಮಾನೇ." ಯಾರು ಏನು ಕೇಳಿದರೂ ಅವರದು ಇದೇ ಉತ್ತರ.

ಅಮ್ಮ ತೀರಿಕೊಂಡ ದಿನ ಅವರು ದೊಡ್ಡ ಮಲ್ಲಿಗೆ ಹಾರ ಹಿಡಿದು ಮನೆಗೆ ಬಂದರು. ಹೆಣಕ್ಕೆ ಆ ನಿಯಮವಿಲ್ಲವಂತೆ.

ನಾನು ಬಾಗಿಲಲ್ಲೇ ನಿಂತು, ಮಾತಿಲ್ಲದೆ ಅಂಗೈ ಚಾಚಿದೆ.